ಅಕ್ಕ ಹಾಕಿದ ಓಟು

ಭಾವ ಬರುವ ಹಿಂದಿನ ದಿನ ನಾನು ಮನೆಯನ್ನೆಲ್ಲ ಒರೆಸುತ್ತಾ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡೆ. "ಭಾವ, ಅಕ್ಕ ಆ ಓಟು ಹಾಕಿದ್ದು ನನ್ನ ಮಾತು ಕೇಳಿ." ಇಷ್ಟು ಹೇಳುವುದಕ್ಕೆ ಒಂದು ಉಸಿರು ಸಾಕು. ಅಕ್ಕ ಬದುಕಿದ್ದಷ್ಟು ದಿನ ನನಗೆ ಆ ಒಂದು ಉಸಿರು ಸಿಕ್ಕಿರಲಿಲ್ಲ. ಭಾವ ಲಂಡನ್ನಿನಿಂದ ಅಕ್ಕನ ಅಸ್ಥಿ ತೆಗೆದುಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಮೈಸೂರಿಗೆ ಹೋಗುವುದು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುವುದು ಎಂದಾಗಿತ್ತು. ನಾನೂ ಜೊತೆಗೆ ಹೋಗುವುದಕ್ಕೆ ಟಿಕೆಟ್ ಆಗಿತ್ತು. ಅವರ ಪಕ್ಕದಲ್ಲಿ ಹೊಳೆಯ ಮೆಟ್ಟಿಲಿಳಿಯುವ ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಇಳಿಯಬಾರದು. ಅಷ್ಟು ಮಾತ್ರ ನಿರ್ಧಾರ ಮಾಡಿಕೊಂಡಿದ್ದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮೈಸೂರಿನಲ್ಲಿ ನರ್ಸಿಂಗ್ ಓದಿದಳು. ಇಂಗ್ಲೆಂಡಿನವರು ನಮ್ಮ ಕಡೆಯ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಹೋದಳು. ಭಾವ ಫ್ರಿಜ್ ರಿಪೇರಿ ಕಲಿತವರು. ಅವಳ ಹಿಂದೆ ಹೋಗಿ, ಅಲ್ಲಿನ ಪೂರ್ವ ಕರಾವಳಿಯ ಒಂದು ಸಣ್ಣ ಊರಿನಲ್ಲಿ, ಮೀನು ಕಾರ್ಖಾನೆಯೊಂದರ ತಣ್ಣನೆ ಕೋಣೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅಕ್ಕ ಮೊದಲು ಆಸ್ಪತ್ರೆಯಲ್ಲಿದ್ದು, ಆಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಒಂದಕ್ಕೆ ಬಂದಳು. ಅವರಿಗೆ ಮಕ್ಕಳಾಗಲಿಲ್ಲ. ಇಬ್ಬರೂ ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ.

ನಾನು ಪಿಯುಸಿ ಮುಗಿಸಿ, ಮದುವೆಯಾಗಿ ಸಿಂಗಾಪುರಕ್ಕೆ ಬಂದವಳು. ನಮ್ಮ ಮನೆಯವರಿಗೆ ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಮನೆ ಪಾಸಿರ್ ರಿಸ್‌ನಲ್ಲಿ. ಎಂಆರ್‌ಟಿ ರೈಲು ಲೈನಿನ ಈ ತುದಿ ನಮ್ಮದು, ಆ ತುದಿ ಅವರ ಕೆಲಸದ್ದು. ದಿನಾ ಸಿಂಗಾಪುರದ ಉದ್ದವನ್ನೆಲ್ಲ ಎರಡು ಸಲ ಅಳೆಯುತ್ತಾರೆ. ಒಬ್ಬಳು ಮಗಳು, ಪಾಲಿಟೆಕ್ನಿಕ್‌ಗೆ ಹೋಗುತ್ತಾಳೆ.

ಬ್ರಿಟನ್ನಿನಲ್ಲಿ ಒಂದು ಕಾನೂನಿದೆ. ಹಿಂದೆ ಅವರ ಆಳ್ವಿಕೆಯಲ್ಲಿದ್ದ ನಮ್ಮಂಥ ದೇಶಗಳ ಜನ ಅಲ್ಲಿ ನೆಲೆಸಿದ್ದರೆ, ಅಲ್ಲಿನ ಪಾಸ್‌ಪೋರ್ಟ್ ಇಲ್ಲದೆಯೂ ಓಟು ಹಾಕಬಹುದು. ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಜನರನ್ನು ಕೇಳಿದ ಆ ವರ್ಷ, ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಪೋಲೆಂಡಿನ ಹೆಂಗಸರಿಗೆ ಓಟಿರಲಿಲ್ಲ. ಅವರ ಬದುಕಿನದೇ ಪ್ರಶ್ನೆ, ಆದರೆ ಅವರನ್ನು ಕೇಳಲಿಲ್ಲ. ನಮ್ಮ ಅಕ್ಕನನ್ನು ಕೇಳಿದರು. ಅಕ್ಕ ನನ್ನನ್ನು ಕೇಳಿದಳು.

ಅವರ ಊರಿನಿಂದ ಒಂದು ಗಂಟೆ ದೂರದಲ್ಲಿ ದೇವಸ್ಥಾನವೊಂದಿತ್ತು. ಅದರ ಸಭಾಂಗಣದಲ್ಲಿ ಊಟಕ್ಕೆ ಮೊದಲು ಯಾವುದೋ ಪಕ್ಷದ ಕಡೆಯವನೊಬ್ಬ ಬಂದು ಕರಪತ್ರ ಹಂಚಿದ್ದನಂತೆ. ಯುರೋಪಿನವರಿಗೆ ಬಾಗಿಲು ಹಾಕಿದರೆ ನಿಮ್ಮವರಿಗೆ ಬಾಗಿಲು ತೆಗೆಯುತ್ತೇವೆ, ನಿಮ್ಮ ಅಣ್ಣತಮ್ಮಂದಿರು ಅಕ್ಕತಂಗಿಯರು ಸಲೀಸಾಗಿ ಬರಬಹುದು ಎಂದು ಹೇಳಿ, ನಮಸ್ತೆ ಮಾಡಿ, ಊಟ ಮಾಡಿಕೊಂಡು ಹೋದನಂತೆ. ಅಕ್ಕ ಅವತ್ತೇ ಫೋನ್ ಮಾಡಿದಳು.

"ಲೇ, ಇದೆಲ್ಲ ನಿಜ ಅಂತೀಯಾ?"

ಆಗ ನಮ್ಮ ಮನೆಯವರ ವರ್ಕ್ ಪಾಸ್ ಮುಗಿಯುವುದರಲ್ಲಿತ್ತು. ರಿನ್ಯೂ ಆಗುವುದು ಅನುಮಾನ ಎಂದು ಕಾರ್ಖಾನೆಯಲ್ಲಿ ಹೇಳಿದ್ದರು. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಪಿಆರ್ ಅರ್ಜಿ ಎರಡು ಸಲ ವಾಪಸ್ ಬಂದಿತ್ತು. ಮಗಳು ಇಲ್ಲಿನ ಶಾಲೆಯಲ್ಲಿ ಬೇರು ಬಿಟ್ಟಿದ್ದಳು. ನನಗೆ ಎಲ್ಲಿಗಾದರೂ ಒಂದು ದಾರಿ ಬೇಕಾಗಿತ್ತು.

"ನಿಜಾನೋ ಸುಳ್ಳೋ, ಹಾಕಿಬಿಡೇ ಅಕ್ಕ. ನಿಂಗೇನು ಹೋಗೋದು?"

"ನಿಮ್ ಭಾವ ಉಳೀಬೇಕು ಅಂತಾರಲ್ಲೇ. ಅವರ ಫ್ಯಾಕ್ಟರಿ ಮೀನೆಲ್ಲ ಫ್ರಾನ್ಸಿಗೆ ಹೋಗೋದು ಕಣೇ."

"ಅವರ ಓಟು ಅವರು ಹಾಕ್ಕೊಳ್ಲಿ. ನೀನು ನನಗೋಸ್ಕರ ಹಾಕು. ಭಾವಂಗೆ ಮಾತ್ರ ಹೇಳ್ಬೇಡ."

"ಯಾಕೆ?"

"ನಾದಿನಿ ಬಂದು ನಮ್ಮನೇಲಿ ಟೆಂಟ್ ಹಾಕೋಕೆ ನೋಡ್ತಿದಾಳೆ ಅನ್ಕೋತಾರೆ."

ಅಕ್ಕ ನಕ್ಕಳು. "ಹಾಕಿದ್ರೆ ಹಾಕೇ, ಮೇಲಿನ್ ರೂಮು ಖಾಲಿನೇ ಇದೆ. ಹೋಗ್ಲಿ ಬಿಡು, ಹೇಳಲ್ಲ."

ಫಲಿತಾಂಶ ಬಂದಾಗ ನಮಗೆ ಶುಕ್ರವಾರ ಮಧ್ಯಾಹ್ನವಾಗುತ್ತಿತ್ತು. ಟಿವಿಯಲ್ಲಿ ಕೆಲವರು ಕುಣಿಯುತ್ತಿದ್ದರು, ಕೆಲವರು ಅಳುತ್ತಿದ್ದರು. ನಾನು ದ್ರಾಕ್ಷಿ ಗೋಡಂಬಿ ಹಾಕಿ ಸಜ್ಜಿಗೆ ಮಾಡಿದೆ. ಸಂಜೆ ನಮ್ಮ ಮನೆಯವರು "ಏನ್ ವಿಶೇಷ ಇವತ್ತು?" ಅಂದರು. "ಸುಮ್ನೆ, ತಿನ್ನಬೇಕು ಅನ್ನಿಸ್ತು" ಅಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಮಾಡಿದ್ದು ಹೌದು, ತಿಂದದ್ದೂ ಹೌದು.

ಎರಡು ತಿಂಗಳಿಗೆ ಪಾಸ್ ರಿನ್ಯೂ ಆಯಿತು. ಮುಂದಿನ ವರ್ಷ ಪಿಆರ್ ಕೂಡ ಸಿಕ್ಕಿತು. ಇಂಗ್ಲೆಂಡಿಗೆ ಹೋಗುವ ಮಾತನ್ನು ನಾನು ಮರೆತೇಬಿಟ್ಟೆ. ನಿಜವಾಗಿಯೂ ಮರೆತೆ. ಅಕ್ಕ ಮಾತ್ರ ಆ ಓಟಿನ ಜೊತೆ ಸಂಸಾರ ಮಾಡಿದಳು.

ಓಟು ಹಾಕಿ ಬಂದ ದಿನವೇ ಭಾವ, "ಯಾವ್ದಕ್ಕೆ ಹಾಕ್ದೆ?" ಅಂತ ಕೇಳಿದ್ದಾರೆ. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಬಿಡೋದಕ್ಕೆ" ಅಂದಿದ್ದಾಳೆ. "ಯಾಕೆ?" ಅಂದರೆ "ನನ್ನಿಷ್ಟ" ಅಂದಿದ್ದಾಳೆ. ಮನೆಯಲ್ಲಿದ್ದ ಎರಡು ಓಟುಗಳೂ ಒಂದನ್ನೊಂದು ಹೊಡೆದುಕೊಂಡು ಸತ್ತವು. ಅವರು ಮನೆಯಲ್ಲೇ ಇದ್ದಿದ್ದರೂ ಲೆಕ್ಕ ಅಷ್ಟೇ ಆಗುತ್ತಿತ್ತು. ಇದನ್ನು ನಾನು ನನಗೆ ಸಮಾಧಾನಕ್ಕೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಭಾವನಿಗೆ ಆ ಸಮಾಧಾನ ಇರಲಿಲ್ಲ. ಹೆಂಡತಿ ಬೇಕೆಂದೇ ತನ್ನ ಅನ್ನಕ್ಕೆ ಕಲ್ಲು ಹಾಕಿದಳು ಎಂದುಕೊಂಡರು. ಕಾರಣ ಹೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದರೇನೋ. ಕಾರಣವಿಲ್ಲದ್ದರಿಂದ ಅದು ಮುಗಿಯಲೇ ಇಲ್ಲ.

ನಾನು ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಅಕ್ಕ ಸ್ಪೀಕರ್ ಹಾಕಿಕೊಂಡು ಅಡಿಗೆ ಮಾಡುತ್ತಾ ಮಾತಾಡುತ್ತಿದ್ದಳು. ಹಿಂದಿನಿಂದ ಭಾವನ ಗಂಟಲು ಕೇಳಿಸುತ್ತಿತ್ತು. ಅಂಗಡಿಯಲ್ಲಿ ಟೊಮೆಟೊ ಸಿಗಲಿಲ್ಲ ಅಂದರೆ, "ಕೇಳು ನಿಮ್ಮಕ್ಕನ್ನ, ಅವಳ ಓಟು ತಿಂದ್ಕೊಂಡ್ ಹೋಯ್ತು." ಹಲ್ಲಿನ ಡಾಕ್ಟರು ವಾಪಸ್ ಪೋರ್ಚುಗಲ್ಲಿಗೆ ಹೋದ ಅಂದರೆ, "ಓಟು ಹಾಕಿದೋರು ಹಲ್ಲು ಕಿತ್ತುಕೊಳ್ಲಿ." ಅಕ್ಕ ನಗುತ್ತಾ, "ಹೂಂ ರೀ, ಬೆಳಿಗ್ಗೆ ಮಳೆ ಬಂದಿದ್ದೂ ನನ್ನ ಓಟಿಂದಾನೇ" ಅನ್ನುತ್ತಿದ್ದಳು. ಮೊದಮೊದಲು ನಾನೂ ನಗುತ್ತಿದ್ದೆ. ಬರಬರುತ್ತಾ ಭಾವನ ದನಿಯಲ್ಲಿದ್ದ ತಮಾಷೆ ಹೋಯಿತು. ಅಕ್ಕನ ನಗು ಮಾತ್ರ ಹಾಗೇ ಇತ್ತು. ಅದನ್ನು ಕೇಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಮೀನಿನ ಕತೆ ಹೀಗಾಯಿತು. ಮೊದಲು ಸಂಜೆ ಲಾರಿ ಹೊರಟರೆ ಬೆಳಿಗ್ಗೆ ಫ್ರಾನ್ಸಿನ ಮಾರುಕಟ್ಟೆಯಲ್ಲಿ ಮೀನು. ಬಿಟ್ಟ ಮೇಲೆ ಪ್ರತಿ ಲಾರಿಗೂ ಕಾಗದ, ಪ್ರತಿ ಕಾಗದಕ್ಕೂ ಪಶುವೈದ್ಯರ ಸಹಿ. ಒಂದು ಪೆಟ್ಟಿಗೆಯ ಕಾಗದ ತಪ್ಪಾದರೆ ಇಡೀ ಲಾರಿ ನಿಲ್ಲುತ್ತಿತ್ತು. ಸಮುದ್ರ ನಮ್ಮದಾಯಿತು ಎಂದು ಕುಣಿದಿದ್ದ ಊರಿನ ಮೀನುಗಾರರೇ ಬಂದರಿನಲ್ಲಿ ನಿಂತು ಬೈಯತೊಡಗಿದರು. ಕಾರ್ಖಾನೆ ಒಂದು ಪಾಳಿ ಮುಚ್ಚಿತು, ಆಮೇಲೆ ಇನ್ನೊಂದು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಭಾವನ ಕೆಲಸ ಹೋಯಿತು. ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಿ ಜೋಡಿಸುವ ಕೆಲಸಕ್ಕೆ ಸೇರಿದರು.

ಅಕ್ಕನ ಕೇರ್ ಹೋಮಿನಿಂದ ಪೋಲೆಂಡಿನವರು ಒಬ್ಬೊಬ್ಬರಾಗಿ ಹೋದರು. ಹೋಗುವಾಗ ಒಬ್ಬಳು ಅಕ್ಕನನ್ನು ತಬ್ಬಿಕೊಂಡು ಅತ್ತಳಂತೆ. ತಾನು ಯಾವುದಕ್ಕೆ ಓಟು ಹಾಕಿದೆ ಎಂದು ಅಕ್ಕ ಅವಳಿಗೆ ಹೇಳಲಿಲ್ಲ. ಅವರು ಹೋದ ಜಾಗಕ್ಕೆ ಜನ ಸಿಗಲಿಲ್ಲ. ಮೂವರ ಪಾಳಿಯನ್ನು ಇಬ್ಬರು ಮಾಡಿದರು, ಆಮೇಲೆ ಅಕ್ಕ ಒಬ್ಬಳೇ ಮಾಡಿದಳು. ಒಂದು ವರ್ಷ ನಮ್ಮಲ್ಲಿಗೆ ಬರಲು ಟಿಕೆಟ್ ಬುಕ್ ಮಾಡಿ ಕ್ಯಾನ್ಸಲ್ ಮಾಡಿದಳು. "ನಾನ್ ಬಂದ್ರೆ ಮೇಲಿನ ಫ್ಲೋರಿನ ಮುದುಕಿಯರನ್ನ ಯಾರೂ ಏಳಿಸಲ್ಲ ಕಣೇ" ಅಂದಳು. ಸಿಂಗಾಪುರವನ್ನು ಅವಳು ನೋಡಲೇ ಇಲ್ಲ.

ಅಲ್ಲಿ ಪಕ್ಷಗಳನ್ನು ಬಣ್ಣದಿಂದ ಕರೆಯುತ್ತಾರೆ. ಯುರೋಪು ಬಿಡಿಸಿದ ನೀಲಿಯವರ ಕಾಲದಲ್ಲಿ ಒಂದೇ ವರ್ಷದೊಳಗೆ ಮೂವರು ಪ್ರಧಾನಿಗಳಾದರು. ನಾನು ನೋಡುವ ಸೀರಿಯಲ್ಲಿನಲ್ಲಿ ಕೂಡ ಪಾತ್ರಧಾರಿಗಳು ಅಷ್ಟು ಬೇಗ ಬದಲಾಗುವುದಿಲ್ಲ. ಕೆಂಪಿನವರು ಬಂದರೆ ಸರಿಹೋಗುತ್ತದೆ ಎಂದು ಭಾವ ಕಾದರು. ಕೆಂಪಿನವರು ಬಂದರು. ಬಂದವರು ಒಡೆದ ಗೋಡೆಯನ್ನು ಕಟ್ಟಲಿಲ್ಲ, ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದರು. ಯುರೋಪು ಎಂಬ ಮಾತೆತ್ತಿದರೆ ಓಟು ಹೋಗುತ್ತದೆ ಎಂದು ಅವರಿಗೆ ಭಯ. ಆ ಮಾತನ್ನು ಬಿಟ್ಟು ಬೇರೆಲ್ಲ ಮಾತಾಡಿದರು.

ಅಕ್ಕನಿಗೆ ಹೊಟ್ಟೆನೋವು ಶುರುವಾಗಿದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಾಳಿ ಬಿಟ್ಟು ಡಾಕ್ಟರ ಹತ್ತಿರ ಹೋಗಲು ಅವಳಿಗೆ ಬಿಡುವಾಗಲಿಲ್ಲ. ಹೋದಾಗ ಸ್ಕ್ಯಾನಿಗೆ ಸರದಿ. ಸರದಿ ಬರುವಷ್ಟರಲ್ಲಿ ಕ್ಯಾನ್ಸರ್ ಪಿತ್ತಕೋಶದಿಂದ ಆಚೆಗೆ ಹರಡಿತ್ತು. ಇದೆಲ್ಲ ಓಟಿನಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಕಾಯಿಲೆಗೆ ಪಕ್ಷವಿಲ್ಲ. ಆದರೆ ಆ ಪಾಳಿಗಳನ್ನು ಅವಳು ಒಬ್ಬಳೇ ಮಾಡಿದ್ದು ಮಾತ್ರ ಹೌದು.

"ಈಗ್ಲೇ ಬರಬೇಡ ಕಣೇ, ಚಳಿ. ಬೇಸಿಗೇಲಿ ಬಾ, ಹೂವೆಲ್ಲ ಇರತ್ತೆ" ಅನ್ನುತ್ತಿದ್ದವಳು ಜನವರಿಯಲ್ಲಿ ಒಂದು ದಿನ "ಬಾರೇ" ಅಂದಳು. ಮರುದಿನವೇ ವೀಸಾಕ್ಕೆ ಅರ್ಜಿ ಹಾಕಿದೆ. ಬೆರಳಚ್ಚು ಕೊಟ್ಟೆ, ಪಾಸ್‌ಪೋರ್ಟ್ ಕೊಟ್ಟೆ. ಮೂರು ವಾರ ಅಂದರು. ನಮ್ಮ ಪಕ್ಕದ ಮನೆಯ ಚೀನೀ ಆಂಟಿ ಹೋದ ವರ್ಷ ಮೊಮ್ಮಗಳನ್ನು ನೋಡಲು ಲಂಡನ್ನಿಗೆ ಹೋಗಿದ್ದರು. ಅವರದು ಸಿಂಗಾಪುರದ ಪಾಸ್‌ಪೋರ್ಟ್. ಫೋನಿನಲ್ಲೇ ಅರ್ಜಿ ಹಾಕಿ ಹೊರಟಿದ್ದರು. ನಾನು ಕಾದೆ. ನಮ್ಮವರಿಗೆ ಬಾಗಿಲು ತೆಗೆಯುತ್ತೇವೆ ಎಂದಿದ್ದವನ ಮಾತು ಆಗ ನೆನಪಾಯಿತು. ಸಾಲಿನಲ್ಲಿ ನಾವು ಮುಂದೆ ಹೋಗಲೇ ಇಲ್ಲ. ಪೋಲೆಂಡಿನವರು ಹಿಂದಕ್ಕೆ ಬಂದು ನಮ್ಮ ಜೊತೆ ನಿಂತರು, ಅಷ್ಟೇ.

ಎರಡನೆಯ ವಾರದಲ್ಲಿ ಅಕ್ಕ ಹೋದಳು.

ಅಲ್ಲಿ ಸುಡುವುದಕ್ಕೂ ದಿನ ಗೊತ್ತುಮಾಡಿಕೊಂಡು ಕಾಯಬೇಕು. ಆ ದಿನ ಬಂದಾಗಲೂ ನನ್ನ ಪಾಸ್‌ಪೋರ್ಟ್ ಬಂದಿರಲಿಲ್ಲ. ಭಾವ ಒಂದು ಲಿಂಕ್ ಕಳಿಸಿದರು. ನಮ್ಮ ಮನೆಯ ಸೋಫಾದ ಮೇಲೆ ಮೂವರೂ ಕುಳಿತು ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಕ್ಯಾಮೆರಾ ಗೋಡೆಯ ಮೇಲೆ ಎಲ್ಲೋ ಇತ್ತು. ಎಲ್ಲರ ನೆತ್ತಿ ಮಾತ್ರ ಕಾಣುತ್ತಿತ್ತು. ಭಾವನ ನೆತ್ತಿಯ ಕೂದಲು ಅಷ್ಟು ಉದುರಿದೆ ಎಂದು ನನಗೆ ಗೊತ್ತಿರಲಿಲ್ಲ. ಕೇರ್ ಹೋಮಿನ ನಾಲ್ಕು ಜನ ಬಂದಿದ್ದರು. ಮಂತ್ರ ಹೇಳುವವರು ಯಾರೂ ಸಿಗದೆ ಭಾವ ಫೋನಿನಿಂದ ಹಾಕಿದರು. ಅರ್ಧ ಗಂಟೆಗೆ ಸರಿಯಾಗಿ ಲಿಂಕ್ ತಾನಾಗಿ ಕಡಿದುಹೋಯಿತು. ಅಲ್ಲಿ ಇನ್ನೊಂದು ಮನೆಯವರ ಸರದಿ ಬಂದಿತ್ತು.

ಮೂರನೆಯ ದಿನ ವೀಸಾ ಬಂತು, ಆರು ತಿಂಗಳ ಅವಧಿಯದು.

ಭಾವ ಮಂಗಳವಾರ ಬಂದರು. ಕೈಯಲ್ಲಿ ಬಟ್ಟೆ ಚೀಲ. ಅದರೊಳಗೆ ಹಸಿರು ಪ್ಲಾಸ್ಟಿಕ್ ಜಾಡಿ, ಮೇಲೆ ಅಕ್ಕನ ಹೆಸರು ಟೈಪ್ ಮಾಡಿದ ಚೀಟಿ. ನಮ್ಮಲ್ಲಿ ಅಸ್ಥಿಯನ್ನು ಮನೆಯೊಳಗೆ ತರುವುದಿಲ್ಲ. ಹೊರಗೆ ಮರಕ್ಕೆ ಕಟ್ಟುತ್ತಾರೆ, ಇಲ್ಲವೇ ಸ್ಮಶಾನದಲ್ಲೇ ಇಟ್ಟಿರುತ್ತಾರೆ. ಹನ್ನೊಂದನೆಯ ಮಹಡಿಯಲ್ಲಿ ಮರ ಎಲ್ಲಿದೆ? ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟರೇ ನೋಟಿಸ್ ಅಂಟಿಸುತ್ತಾರೆ. ಭಾವ ಬಾಗಿಲಾಚೆ ಚಪ್ಪಲಿ ಬಿಟ್ಟು ಹಾಗೇ ನಿಂತರು.

ನಮ್ಮ ಮನೆಯವರು, "ಅಣ್ಣ, ಅದು... ಕೆಳಗೆ ಬಿಲ್ಡಿಂಗ್ ಅಡಿ ಖಾಲಿ ಜಾಗ ಇದೆ, ವಾಯ್ಡ್ ಡೆಕ್‌ನಲ್ಲಿ ಏನಾದ್ರೂ..." ಅಂದರು.

"ಕೆಳಗೆ ಬೇಡ" ಅಂದರು ಭಾವ. "ನೇರ ಬೆಂಗಳೂರಿಗೆ ಫ್ಲೈಟ್ ಇತ್ತು. ಯಾಕೆ ಈ ಕಡೆ ಸುತ್ತಿ ಬಂದೆ ಹೇಳು? ಅವಳು ಬುಕ್ ಮಾಡಿ ಕ್ಯಾನ್ಸಲ್ ಮಾಡಿದ್ಲಲ್ಲ. ತಂಗಿ ಮನೆಗೆ ಕರ್ಕೊಂಡ್ ಬಂದಿದೀನಿ."

ನಾನು ಚೀಲ ತೆಗೆದುಕೊಂಡು ಒಳಗೆ ನಡೆದೆ. ಬಟ್ಟೆ ಒಣಗಿಸುವ ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿ ಅದರ ಮೇಲಿಟ್ಟೆ. ಅಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಆಗಲೇ ಹೇಳಬಹುದಿತ್ತು. ಭಾವನಿಗೆ ಕಾಫಿ ಬೇಕಾಗಿತ್ತು. ಕಾಫಿ ಮಾಡಲು ಹೋದೆ.

ಬುಧವಾರ ರಾತ್ರಿ ಎಂಟಕ್ಕೆ ಭಾವ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಕುಳಿತರು. ಅಲ್ಲಿ ಆಗ ಮಧ್ಯಾಹ್ನ. ಪ್ರತಿ ಬುಧವಾರ ಆ ಹೊತ್ತಿಗೆ ಪಾರ್ಲಿಮೆಂಟಿನಲ್ಲಿ ಪ್ರಧಾನಿಯನ್ನು ಪ್ರಶ್ನೆ ಕೇಳುತ್ತಾರೆ. ಹುಡುಗನಾಗಿದ್ದಾಗ ಮೈಸೂರಿನ ಶಾಲೆಯಲ್ಲಿ ಪೌರನೀತಿ ಮೇಷ್ಟ್ರು ಆ ಪಾರ್ಲಿಮೆಂಟನ್ನು ಎಲ್ಲ ಪಾರ್ಲಿಮೆಂಟುಗಳ ತಾಯಿ ಎಂದು ಕಲಿಸಿದ್ದರಂತೆ. ಇಂಗ್ಲೆಂಡಿಗೆ ಹೋದ ವರ್ಷ ಟೈ ಕಟ್ಟಿಕೊಂಡು ಹೋಗಿ ಗ್ಯಾಲರಿಯಲ್ಲಿ ಕೂತು ನೋಡಿಕೊಂಡು ಬಂದಿದ್ದ ಮನುಷ್ಯ ಅವರು.

"ನೋಡು, ಎದ್ದ. ಈಗ ಇವನು ಒಂದ್ ಪ್ರಶ್ನೆ ಕೇಳ್ತಾನೆ. ಅವನು ಬೇರೆ ಯಾವ್ದೋ ಪ್ರಶ್ನೆಗೆ ಉತ್ತರ ಕೊಡ್ತಾನೆ. ಹಿಂದಿರೋರು ಹೋ ಅಂತಾರೆ. ಮುಗೀತು, ಊಟಕ್ಕೆ ಹೋಗ್ತಾರೆ."

"ನಮ್ ಅಸೆಂಬ್ಲಿ ಥರಾನೇ ಇದ್ಯಲ್ಲ ಅಣ್ಣ" ಅಂದರು ನಮ್ಮ ಮನೆಯವರು.

"ಛೆ, ನಮ್ಮೋರಿಗೆ ಹೋಲಿಸ್ಬೇಡ. ನಮ್ಮೋರು ಕಾಗದ ಹರಿದು ಬಿಸಾಕ್ತಾರೆ. ಇವ್ರು ದೇಶಾನೇ ಹರಿದು ಬಿಸಾಕಿದ್ರು, ಎಷ್ಟು ಡೀಸೆಂಟಾಗಿ! ನೀಲಿ ನನ್ ಮಕ್ಳು ಹರಿದ್ರು. ಕೆಂಪು ನನ್ ಮಕ್ಳು ಚೂರು ಆಯ್ಕೊಂಡು ನೀಟಾಗಿ ಫೈಲ್ ಮಾಡಿದ್ರು. ಹೊಲಿಯೋನು ಒಬ್ನೂ ಇಲ್ಲ."

ಮಗಳು ಊಟದ ತಟ್ಟೆ ಹಿಡಿದು, "ಹಂಗಾದ್ರೆ ಯಾಕೆ ವಾಚ್ ಮಾಡ್ತೀರಾ ದೊಡ್ಡಪ್ಪ? ಸೋ ಸ್ಟ್ರೆಸ್‌ಫುಲ್. ಆಫ್ ಮಾಡಿ ಲಾ" ಅಂದಳು, ಇಲ್ಲಿನವರ ರಾಗದಲ್ಲಿ.

"ಬೈಯೋಕೆ ಕಣಮ್ಮ. ನಿಮ್ ದೊಡ್ಡಮ್ಮ ಇದ್ದಾಗ ಅವಳನ್ನ ಬೈತಿದ್ದೆ. ಈಗ ಯಾರನ್ನ ಬೈಲಿ?"

ಅವರು ಫೋನ್ ಮಗುಚಿ ಹಾಕಿ ಹೇಳಿದರು: "ಅವಳ ಓಟು ಅವಳನ್ನೇ ತಿಂತು. ಕೊನೇವರೆಗೂ ಯಾಕೆ ಹಾಕ್ದೆ ಅಂತ ಹೇಳ್ಲಿಲ್ಲ. ನನ್ ಮೇಲೆ ಅದೇನ್ ದ್ವೇಷ ಇತ್ತೋ ಅವಳಿಗೆ."

ಮಗಳಿದ್ದಳು, ನಮ್ಮ ಮನೆಯವರಿದ್ದರು. ಸಾರು ಬಡಿಸಿದೆ. ದ್ವೇಷ ಎಂಬ ಮಾತನ್ನು ಅವರು ಎಷ್ಟು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರೋ. ನಾನು ಅಂದುಕೊಂಡಿದ್ದು ಗಂಡಹೆಂಡಿರ ಕಿತ್ತಾಟ ಎಂದು ಮಾತ್ರ. ಗುರುವಾರ ಇಡೀ ದಿನ ಆ ಮಾತು ನನ್ನ ಕಿವಿಯಲ್ಲಿತ್ತು. ಗುರುವಾರವೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಭಾವ, "ಇಲ್ಲಿ ಸಮುದ್ರ ಹತ್ರಾನಾ?" ಅಂದರು. ಮರುದಿನ ಮಧ್ಯಾಹ್ನ ಮೈಸೂರಿಗೆ ಹೊರಡಬೇಕು. ಮನೆಯಲ್ಲಿ ನಾವಿಬ್ಬರೇ. ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ನಡೆದೇ ಹೋದೆವು. ಪಾಸಿರ್ ರಿಸ್ ಪಾರ್ಕಿನಲ್ಲಿ ವಯಸ್ಸಾದವರು ಕೈ ಚಾಚಿ ನಿಧಾನವಾಗಿ ವ್ಯಾಯಾಮ ಮಾಡುತ್ತಿದ್ದರು. ದಡದ ಬೆಂಚಿನ ಮೇಲೆ ಕುಳಿತೆವು, ಇಬ್ಬರ ನಡುವೆ ಚೀಲ.

"ಆಚೆ ಕಾಣೋದು ಬೇರೆ ದೇಶಾನಾ?"

"ಇದು ದ್ವೀಪ ಭಾವ, ಇಲ್ಲೀದೇ. ಅದರ ಹಿಂದೆ ಮಲೇಷ್ಯಾ. ದಿನಾ ಬೆಳಿಗ್ಗೆ ಸಾವಿರಾರು ಜನ ಅಲ್ಲಿಂದ ಕೆಲಸಕ್ಕೆ ಬರ್ತಾರೆ, ಸಂಜೆ ವಾಪಸ್."

"ಇವೆರಡೂ ಒಂದ್ ಕಾಲದಲ್ಲಿ ಒಂದೇ ಇದ್ವಲ್ವಾ?"

"ಹೂಂ. ಬೇರೆ ಆಗಿ ತುಂಬಾ ವರ್ಷ ಆಯ್ತು."

"ಬಿಟ್ಟ ಮೇಲೂ ಬುದ್ಧಿ ಇಟ್ಕೊಂಡಿದಾರೆ" ಅಂದರು. ಆಮೇಲೆ ಚೀಲದ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ?" ಅಂದರು. ಸತ್ತ ಮೇಲೂ ಅವಳಿಗೆ ಬಿಡುವು ಕೊಡಲಿಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಭಾವ, ಆ ಓಟು ನಂದು."

"ಏನು?"

"ಅಕ್ಕ ಹಾಕಿದ್ದು. ನಾನೇ ಹೇಳಿ ಹಾಕಿಸಿದ್ದು. ಆಗ ಇವರ ಪಾಸ್ ರಿನ್ಯೂ ಆಗಲ್ಲ ಅಂತಿದ್ರು. ಆ ಪಾಂಪ್ಲೆಟಲ್ಲಿ ನಮ್ಮೋರು ಬರಬಹುದು ಅಂತ ಇತ್ತಲ್ಲ, ಅಲ್ಲಿಗೆ ಬಂದ್ಬಿಡೋಣ ಅಂತ... ನಿಮಗೆ ಹೇಳ್ಬೇಡ ಅಂತಾನೂ ನಾನೇ ಅಂದಿದ್ದು."

ಅವರು ನನ್ನನ್ನು ನೋಡಲಿಲ್ಲ. ಚೀಲವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ವ್ಯಾಯಾಮ ಮಾಡುತ್ತಿದ್ದವರು ಮುಗಿಸಿ, ಚೀಲಗಳನ್ನೆತ್ತಿಕೊಂಡು, ನಗುತ್ತಾ ಕಾಫಿಗೆ ಹೊರಟರು. ಭಾವ ಅತ್ತಲೇ ನೋಡುತ್ತಾ ಕೇಳಿದರು.

"ಭಾನುವಾರ ಭಾನುವಾರ ಫೋನ್ ಮಾಡ್ತಿದ್ದೆ. ನಾನ್ ಬೈಯೋದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಕೇಳಿಸ್ಕೊಂಡು ಸುಮ್ನಿದ್ದೆ."

"ಹೂಂ."

"ಆಸ್ಪತ್ರೇಲಿ ಕೊನೇ ವಾರ ಕೇಳ್ದೆ ಅವಳನ್ನ. ಬೈಯೋಕಲ್ಲ. ಕಾಲ್ ಹಿಡ್ಕೊಂಡು ಕೇಳ್ದೆ. ಈಗ್ಲಾದ್ರೂ ಹೇಳು ಮಾರಾಯ್ತಿ, ಯಾಕೆ ಹಾಗ್ ಮಾಡ್ದೆ ಅಂತ. ಏನಂದ್ಲು ಗೊತ್ತಾ? ಮರೆತುಹೋಯ್ತು ರೀ ಅಂದ್ಲು. ಮರೆಯೋಳಾ ಅವಳು? ಮೂವತ್ತು ವರ್ಷದ ಹಿಂದಿನ ಪೇಷೆಂಟ್ ಬೆಡ್ ನಂಬರ್ ಹೇಳೋಳು."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

"ನೀನ್ ಒಂದ್ ಸಲ ಬಾಯಿ ಬಿಟ್ಟಿದ್ರೆ ನಿನ್ನ ಬೈತಿದ್ದೆ. ಬೈದ್ರೆ ನಿಂಗೇನಾಗ್ತಿತ್ತು? ನೀನ್ ಇಲ್ಲಿದ್ದೆ, ಇಷ್ಟ್ ದೂರ. ಫೋನ್ ಇಟ್ರೆ ಮುಗೀತಿತ್ತು. ಅವಳು ನನ್ ಎದುರಿಗಿದ್ಲು. ಒಂದೇ ಮನೆ, ಒಂದೇ ಅಡಿಗೆಮನೆ, ದಿನಾ. ಒಂದ್ ವರ್ಷ ನಾನು ಅವಳ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ, ಗೊತ್ತಾ ನಿಂಗೆ? ಕೆಲಸ ಹೋದ ವರ್ಷ. ಉಪ್ಪು ಕೊಡು, ಸಾರು ಹಾಕು, ಅಷ್ಟೇ. ಆ ವರ್ಷಾನ ಎಲ್ಲಿಂದ ತರ್ಲಿ ನಾನು?"

ಹೀಗಾಗಿತ್ತು ಎಂದು ಅಕ್ಕ ನನಗೆ ಹೇಳಿರಲಿಲ್ಲ.

"ನಾಳೆ ನಾನೊಬ್ನೇ ಹೋಗ್ತೀನಿ" ಅಂದರು.

"ಭಾವ, ನಮ್ಮಕ್ಕ ಅವಳು."

"ಹೂಂ, ನಿಮ್ಮಕ್ಕಾನೇ. ಅದಕ್ಕೇ ಬಾಯಿ ಮುಚ್ಕೊಂಡ್ ಸತ್ಲು."

ಎದ್ದು ನಡೆದರು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಲಿಫ್ಟಿನಲ್ಲಿ ಪಕ್ಕದ ಮನೆ ಆಂಟಿ ಸಿಕ್ಕಿ "ಫ್ಯಾಮಿಲಿ ಆಹ್?" ಎಂದು ಕೇಳಿದರು. ಭಾವ ನಗುತ್ತಲೇ ಹೌದೆಂದು ತಲೆಯಾಡಿಸಿದರು.

ಟಿಕೆಟ್ ಕ್ಯಾನ್ಸಲ್ ಮಾಡಬೇಕಾಗಿದ್ದರಿಂದ ಸಂ​ಜೆ ನಮ್ಮ ಮನೆಯವರಿಗೂ ಹೇಳಬೇಕಾಯಿತು. ಅವರು ಬಹಳ ಹೊತ್ತು ಷೂ ಬಿಚ್ಚದೆ ಕುಳಿತಿದ್ದರು. "ನನ್ ಪಾಸಿಗೋಸ್ಕರ ಮಾಡಿದ್ದು, ನಂಗೇ ಹೇಳ್ಲಿಲ್ವಲ್ಲೇ" ಅಂದರು. ಆಮೇಲೆ ಕ್ಯಾನ್ಸಲ್ ಮಾಡಿದರು. ಊಟದ ಹೊತ್ತಿನಲ್ಲಿ ಭಾವ ಎಂದಿನಂತೆ ಇದ್ದರು. ಟುವಾಸ್‌ನ ಕೆಲಸ ಹೇಗೆ, ಕೂಲಿಂಗ್ ಪ್ಲಾಂಟ್ ಯಾವ ಕಾಲದ್ದು ಎಂದು ವಿಚಾರಿಸಿದರು. ಮಗಳ ಕೈಯಿಂದ ಎರಡು ಸಲ ಮಜ್ಜಿಗೆ ಹಾಕಿಸಿಕೊಂಡರು. ನನ್ನ ಕಡೆಗೆ ಮಾತು ಬರಲಿಲ್ಲ. ಆ ಮೌನ ಹೇಗಿರುತ್ತದೆ ಎಂದು ನನಗೆ ಒಂದು ರಾತ್ರಿ ಊಟದಷ್ಟು ಗೊತ್ತಾಯಿತು. ಅಕ್ಕನಿಗೆ ಒಂದು ವರ್ಷ.

ಶನಿವಾರ ಏರ್‌ಪೋರ್ಟಿನಲ್ಲಿ ನಮ್ಮ ಮನೆಯವರ ಭುಜ ತಟ್ಟಿದರು, ಮಗಳ ತಲೆಯ ಮೇಲೆ ಕೈಯಿಟ್ಟರು. ನಾನು ನಮಸ್ಕಾರ ಮಾಡಲು ಬಗ್ಗಿದಾಗ ಹಿಂದೆ ಸರಿಯಲೂ ಇಲ್ಲ, ಏಳು ಎನ್ನಲೂ ಇಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಕೆಲಸ ಮುಗಿಯಿತೆಂದು ನಮ್ಮ ಮನೆಯವರಿಗೆ ಮೆಸೇಜ್ ಬಂತು. ನೀರು ಕಡಿಮೆಯಿತ್ತಂತೆ, ಪುರೋಹಿತರು ಚೆನ್ನಾಗಿ ಮಾಡಿಸಿದರಂತೆ. ಅವರು ಟುವಾಸ್‌ನಿಂದ ಫೋನ್ ಮಾಡಿ ನನಗೆ ಓದಿ ಹೇಳಿದರು. ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅಡಿಗೆಗಿಟ್ಟೆ.

ಇದಾಗಿ ಐದು ತಿಂಗಳು. ಭಾವ ಇಂಗ್ಲೆಂಡಿನ ಮನೆಗೆ ವಾಪಸ್ ಹೋಗಿದ್ದಾರೆ. ನಮ್ಮ ಮನೆಯವರಿಗೆ ಆಗಾಗ ಫೋನ್ ಬರುತ್ತದೆ. ಅಲ್ಲಿ ಈಗ ಇನ್ನೊಂದು ಹೊಸ ಪಕ್ಷದ ಗಾಳಿಯಂತೆ. ಮೊದಲಿನ ಇಬ್ಬರೂ ಸೇರಿ ಹಾಳು ಮಾಡಿದ್ದನ್ನು ಇನ್ನಷ್ಟು ಬಾಗಿಲು ಹಾಕಿ ಸರಿಮಾಡುತ್ತೇವೆ ಎನ್ನುತ್ತಿದ್ದಾರಂತೆ. ಆ ದೇವಸ್ಥಾನದಲ್ಲಿ ಊಟ ಮಾಡಿ ಹೋದವನು ಯಾರು, ಈಗ ಯಾವ ಪಕ್ಷದಲ್ಲಿದ್ದಾನೆ ಎಂದು ಯಾರಿಗೂ ನೆನಪಿಲ್ಲ. ಅವನನ್ನು ಯಾರೂ ಕೇಳುವುದಿಲ್ಲ. ನೀಲಿಯವರನ್ನಾಗಲಿ ಕೆಂಪಿನವರನ್ನಾಗಲಿ, ಈ ಮನೆ ಯಾಕೆ ಹೀಗಾಯಿತು ಎಂದು ಕೇಳಲು ಹೋದರೆ, ಬುಧವಾರ ಎದ್ದುನಿಂತು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಾರೆ.

ನನ್ನನ್ನು ಕೇಳುವವರು ಒಬ್ಬರಿದ್ದರು, ಅವರಿಗೆ ಹೇಳಿದೆ. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೆಂಡತಿ ತನ್ನನ್ನು ದ್ವೇಷಿಸಲಿಲ್ಲ ಎಂದು ಭಾವನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಅವರಿಗೆ ಉಳಿದದ್ದು ತಾವು ಬೈದ ಮಾತುಗಳು ಮಾತ್ರ. ಮೊದಲು ಅವುಗಳಿಗೊಂದು ಕಾರಣವಾದರೂ ಇತ್ತು. ಅದನ್ನು ನಾನು ಕಿತ್ತುಕೊಂಡೆ.

ಕ್ಷಮಿಸಿ ಎಂದು ನಾನು ಅವರನ್ನು ಕೇಳಿಲ್ಲ. ಕೇಳಿದರೆ ಅವರು ಏನಾದರೂ ಹೇಳಬೇಕಾಗುತ್ತದೆ. ದೊಡ್ಡ ಮನಸ್ಸಿನವರು, ಬಿಡು ಎಂದೇ ಹೇಳಿಯಾರು. ಆ ಮಾತು ಹೇಳಬೇಕಾದವಳು ಅಕ್ಕ, ಅವರಲ್ಲ.